ತೌಡಿಗೆ ಕೊಂಡ ಮಗಳು

ನಮ್ಮವ್ವ ಇಪ್ಪತ್ತಮೂರು ವರ್ಷದಲ್ಲಿ ನನ್ನನ್ನು ಒಂದು ಸಲವೂ ‘ಮಗಳೇ’ ಎಂದು ಕರೆದಿರಲಿಲ್ಲ. ಆದ್ದರಿಂದಲೇ ತೋಟದಲ್ಲಿ ಮಟಮಟ ಮಧ್ಯಾಹ್ನ ಅವ್ವನ ದನಿಯಲ್ಲಿ ‘ಮಗಳೇ’ ಎಂದು ಕೇಳಿಸಿದರೆ, ಕರೆದದ್ದು ಅವ್ವ ಅಲ್ಲ ಎಂದು ನನಗೆ ತಿಳಿಯುತ್ತಿತ್ತು.

ಅವ್ವ ಯಾಕೆ ಹಾಗೆ ಕರೆಯುವುದಿಲ್ಲ ಎಂಬುದು ಊರಿಗೆಲ್ಲ ಗೊತ್ತಿದ್ದದ್ದೇ. ನನಗಿಂತ ಮೊದಲು ಅವಳಿಗೆ ಮೂರು ಮಕ್ಕಳಾಗಿ, ಮೂರೂ ಹೆಜ್ಜೆ ಇಡುವ ಮೊದಲೇ ಹೋಗಿಬಿಟ್ಟಿದ್ದವು. ನಾಲ್ಕನೆಯವಳು ನಾನು. ಹುಟ್ಟಿದ ಮೂರನೆಯ ದಿನ ನನ್ನನ್ನು ಮೊರದಲ್ಲಿ ಮಲಗಿಸಿ ಕೊಟ್ಟಿಗೆಯ ಹಿಂದಿನ ತಿಪ್ಪೆಯ ಮೇಲೆ ಇಟ್ಟು ಬಂದರು. ಕೇರಿಯ ತುದಿಮನೆಯಲ್ಲಿ ಒಂಟಿಯಾಗಿದ್ದ ನಿಂಗಮ್ಮ ಎಂಬ ಮುದುಕಿ, ‘ಯಾರೋ ಬಿಸಾಕಿರೋ ಕೂಸು ಸಿಕ್ತು, ಬೇಕೇನ್ರವ್ವಾ?’ ಎಂದು ಕೂಗುತ್ತಾ ನನ್ನನ್ನು ಎತ್ತಿಕೊಂಡು ನಮ್ಮ ಬಾಗಿಲಿಗೇ ಬಂದಳು. ಅವ್ವ ಮೂರು ಸೇರು ತೌಡು ಅಳೆದು ಅವಳ ಮಡಿಲಿಗೆ ಸುರಿದು ನನ್ನನ್ನು ಕೊಂಡುಕೊಂಡಳು. ತಿಪ್ಪಮ್ಮ ಎಂದು ಹೆಸರಿಟ್ಟರು. ಇದು ಇವರದಲ್ಲ, ಯಾರದೋ ಕಸ ಎಂದುಕೊಂಡು ಸಾವು ಮುಂದಿನ ಮನೆಗೆ ಹೋಗಲಿ ಎಂದು.

ನಮ್ಮೂರು ಹಾಲ್ಕುರಿಕೆಯ ಸುತ್ತಮುತ್ತ ಈ ಶಾಸ್ತ್ರ ಮಾಡಿದ ಮನೆಗಳು ಬೇಕಾದಷ್ಟಿವೆ. ಆದರೆ ಅವರೆಲ್ಲ ಶಾಸ್ತ್ರ ಮುಗಿಸಿ ಮರೆತರು. ನಮ್ಮವ್ವ ಮರೆಯಲಿಲ್ಲ. ನಾನು ಅವಳ ಬಾಯಲ್ಲಿ ಸದಾ ‘ನಿಂಗಮ್ಮನ ಕೂಸು’. ಜ್ವರ ಬಂದರೆ ರಾತ್ರಿಯೆಲ್ಲ ಹಣೆಗೆ ಒದ್ದೆಬಟ್ಟೆ ಹಾಕುತ್ತಿದ್ದಳು, ಆದರೆ ಬೆಳಿಗ್ಗೆ ಬಾವಿಯ ಹತ್ತಿರ ಯಾರಾದರೂ ಕೇಳಿದರೆ, ‘ನಿಂಗಮ್ಮನ ಕೂಸಿಗೆ ಮೈ ಬೆಚ್ಚಗಾಗಿತ್ತು’ ಎನ್ನುತ್ತಿದ್ದಳು. ನನಗೆ ನಾಲ್ಕು ವರ್ಷವಾದಾಗ ತಮ್ಮ ಈರಣ್ಣ ಹುಟ್ಟಿದ. ಗುಂಡುಕಲ್ಲಿನಂತಹ ಗಂಡು ಮಗು. ಅವನಿಗೆ ತಿಪ್ಪೆಯೂ ಇಲ್ಲ, ತೌಡೂ ಇಲ್ಲ. ಅವ್ವನಿಗೆ ಆಗ ಅದೆಷ್ಟು ಹೆಮ್ಮೆಯೆಂದರೆ, ‘ನನ್ನ ಮಗ, ನನ್ನ ಮಗ’ ಎಂದು ಅವನನ್ನು ಸೊಂಟದ ಮೇಲೆ ಕೂರಿಸಿಕೊಂಡು ಕೇರಿಯೆಲ್ಲ ತಿರುಗಿದಳು. ನಾನು ಬಾಗಿಲ ಸಂದಿಯಲ್ಲಿ ನಿಂತು ನೋಡುತ್ತಿದ್ದೆ. ನೋಡುವುದು ನನಗೆ ಆಗಿನಿಂದಲೇ ಅಭ್ಯಾಸ.

ಶಾಲೆಗೆ ಸೇರಿಸುವಾಗ ಪೋಷಕರ ಹೆಸರಿನ ಜಾಗದಲ್ಲಿ ಅಪ್ಪ ಗಂಗಾಧರಯ್ಯ ತನ್ನ ಹೆಸರು ಬರೆಸಲು ಹೋದನಂತೆ. ಅವ್ವ ಬಿಡದೆ ‘ನಿಂಗಮ್ಮ’ ಎಂದೇ ಬರೆಸಿದಳು. ಏಳನೆಯ ಕ್ಲಾಸಿನಲ್ಲಿದ್ದಾಗ ನಿಂಗಮ್ಮ ತೀರಿಕೊಂಡಳು. ಮೇಷ್ಟ್ರು ಹೊಸ ಪೋಷಕರು ಬಂದು ರುಜು ಹಾಕಬೇಕು ಎಂದರು. ಅವ್ವ ಹೋಗಲಿಲ್ಲ, ಅಪ್ಪನನ್ನೂ ಹೋಗಗೊಡಲಿಲ್ಲ. ನನ್ನ ಓದು ಅಲ್ಲಿಗೆ ನಿಂತಿತು.

ಆ ತಿಂಗಳಲ್ಲೇ ಮೊದಲ ಸಲ ಆ ದನಿ ಕೇಳಿದ್ದು. ಬಿದ್ದ ತೆಂಗಿನ ಸೋಗೆಗಳನ್ನು ಆಯಲು ತೋಟಕ್ಕೆ ಹೋಗಿದ್ದೆ. ಮರದ ನೆರಳು ಮರದ ಬುಡದಲ್ಲೇ ಇದ್ದ ಹೊತ್ತು. ಗರಿ ಅಲ್ಲಾಡುತ್ತಿರಲಿಲ್ಲ. ಹಿಂದಿನ ಸಾಲಿನಿಂದ, ಹತ್ತು ಮಾರು ದೂರದಲ್ಲಿ, ಅವ್ವ ಕರೆದಳು.

‘ಮಗಳೇ.’

ಅವ್ವನದೇ ದನಿ. ಕೊನೆಯಲ್ಲಿ ಸ್ವಲ್ಪ ಒಡೆಯುವುದೂ ಹಾಗೇ. ಅಷ್ಟು ವರ್ಷ ಕೇಳಲು ಹಂಬಲಿಸಿದ್ದ ಮಾತು. ‘ಓ’ ಎನ್ನುವುದು ನಾಲಿಗೆಯ ತುದಿಗೆ ಬಂದುಬಿಟ್ಟಿತ್ತು. ತಿರುಗಿ ನೋಡಿದರೆ ಸಾಲುಮರಗಳು ಮಾತ್ರ. ಸೋಗೆ ಎಳೆದುಕೊಂಡು ಮನೆಗೆ ಓಡಿದೆ. ಅವ್ವ ಒಲೆಯ ಮುಂದೆ ಮುದ್ದೆ ತೊಳಸುತ್ತಿದ್ದಳು. ನನ್ನ ಮುಖ ನೋಡಿ, ‘ಏನಾಯ್ತೇ?’ ಎಂದಳು. ಏನಿಲ್ಲ ಎಂದೆ. ಅವಳು ತುಂಬ ಹೊತ್ತು ನನ್ನನ್ನೇ ನೋಡಿದಳು, ಮತ್ತೆ ಕೇಳಲಿಲ್ಲ.

ಆಮೇಲೆ ವರ್ಷಕ್ಕೆ ನಾಲ್ಕೈದು ಸಲ ಕೇಳಿಸುತ್ತಿತ್ತು. ಯಾವಾಗಲೂ ಮಧ್ಯಾಹ್ನ, ಯಾವಾಗಲೂ ಬೆನ್ನ ಹಿಂದೆ. ಬೆದರಿಕೆಯಿಲ್ಲ, ಕೂಗಾಟವಿಲ್ಲ. ಈ ಹುಡುಗಿ ಯಾರವಳು ಎಂದು ತಿಳಿದುಕೊಳ್ಳಲು ಕೇಳಿದಂತೆ ಒಂದು ಸಲ ಕರೆದು, ಕಾಯುತ್ತಿತ್ತು. ಕಾಯುವುದು ಬೆನ್ನಿಗೆ ತಿಳಿಯುತ್ತಿತ್ತು. ನಾನು ಓಗೊಡಲಿಲ್ಲ. ಯಾರಿಗೂ ಹೇಳಲೂ ಇಲ್ಲ.

ಎಂಬತ್ತನಾಲ್ಕರ ಬೇಸಿಗೆಯಲ್ಲಿ ಈರಣ್ಣನ ಮುಖ ಊದಿಕೊಂಡಿತು. ಆಗ ಅವನಿಗೆ ಹತ್ತೊಂಬತ್ತು. ಮೊದಲು ಕಣ್ಣಿನ ಕೆಳಗೆ, ಆಮೇಲೆ ಪಾದ. ಬೆರಳಲ್ಲಿ ಒತ್ತಿದರೆ ಹಸಿ ಮಣ್ಣಿನಲ್ಲಿ ಒತ್ತಿದ ಹಾಗೆ ಗುಳಿ ಉಳಿಯುತ್ತಿತ್ತು. ಉಂಡದ್ದೆಲ್ಲ ವಾಂತಿ. ತಿಪಟೂರಿನ ಡಾಕ್ಟರು ಉಚ್ಚೆ, ರಕ್ತ ಪರೀಕ್ಷೆ ಮಾಡಿಸಿ, ಎರಡು ಕಿಡ್ನಿಯೂ ಹೋಗಿವೆ ಎಂದು ಬೆಂಗಳೂರಿಗೆ ಚೀಟಿ ಬರೆದುಕೊಟ್ಟರು. ನಾವು ನಾಲ್ವರೂ ರೈಲು ಹತ್ತಿದೆವು.

ದೊಡ್ಡಾಸ್ಪತ್ರೆಯಲ್ಲಿ ವಾರಕ್ಕೆ ಎರಡು ಸಲ ಅವನ ರಕ್ತವನ್ನು ಯಂತ್ರದಲ್ಲಿ ತೊಳೆಯುತ್ತಿದ್ದರು. ಯಂತ್ರ ಎಷ್ಟು ದಿನ ಎಳೆಯುತ್ತದೆ ಎಂದು ಹೇಳಲಾಗುವುದಿಲ್ಲ, ಮನೆಯವರು ಯಾರಾದರೂ ಒಂದು ಕಿಡ್ನಿ ಕೊಟ್ಟರೆ ಹುಡುಗ ಉಳಿಯುತ್ತಾನೆ ಎಂದರು ಡಾಕ್ಟರ್ ಶ್ರೀರಂಗಯ್ಯ. ತೆಳ್ಳಗೆ, ನಿಧಾನಕ್ಕೆ ಮಾತಾಡುವ ಮನುಷ್ಯ. ಅಪ್ಪನಿಗೆ ಸಕ್ಕರೆ ಕಾಯಿಲೆ, ಆಗದು. ಅವ್ವನ ರಕ್ತದ ಗುಂಪು ಬೇರೆ, ಆಗದು. ನನ್ನದು ಈರಣ್ಣನದೇ ಗುಂಪು.

‘ಇವರು ನಿಮಗೆ ಏನಾಗಬೇಕಮ್ಮ?’ ಎಂದು ಡಾಕ್ಟರು ನನ್ನನ್ನು ತೋರಿಸಿ ಅವ್ವನನ್ನು ಕೇಳಿದರು. ಬರೆದುಕೊಳ್ಳಲು ಪೆನ್ನು ಹಿಡಿದಿದ್ದರು.

ಅವ್ವ ಕಣ್ಣು ಮಿಟುಕಿಸದೆ, ‘ಏನೂ ಆಗ್ಬೇಕಿಲ್ಲ ಸ್ವಾಮಿ. ಮೂರು ಸೇರು ತೌಡಿಗೆ ಕೊಂಡ್ಕೊಂಡಿದ್ದು’ ಎಂದಳು.

ಡಾಕ್ಟರು ಪೆನ್ನು ಕೆಳಗಿಟ್ಟರು. ‘ಕೊಂಡ್ಕೊಂಡಿದ್ದು ಅಂದ್ರೆ?’

‘ತಿಪ್ಪೆ ಮೇಲೆ ಬಿದ್ದಿತ್ತು. ನಿಂಗಮ್ಮ ಅನ್ನೋಳು ತಂದು ಮಾರಿದ್ಲು.’

‘ನೋಡಿ ಗಂಗಾಧರಯ್ಯನವರೇ,’ ಡಾಕ್ಟರ ದನಿ ಗಡುಸಾಯಿತು, ‘ಯಾರನ್ನೋ ಕರ್ಕೊಂಡ್ ಬಂದು ಅಕ್ಕ ಅಂತ ಹೇಳಿ ಕಿಡ್ನಿ ಕೊಡಿಸೋದು ನಮ್ಮಲ್ಲಿ ನಡೆಯಲ್ಲ.’

‘ಅಯ್ಯೋ ಸಾರ್, ಅದು ಶಾಸ್ತ್ರ ಕಣ್ರೀ!’ ಅಪ್ಪ ಎದ್ದೇ ನಿಂತ. ‘ಲೇ ಗೌರಿ, ಹೇಳೇ ಸರ್ಯಾಗಿ. ಜೀವ ಹೋಗೋ ಹೊತ್ನಾಗೂ ಇದೇ ಆಟಾನಾ ನಿಂದು?’

ಅವ್ವ ಸೆರಗನ್ನು ಬಾಯಿಗೆ ಒತ್ತಿಕೊಂಡಳು. ನಾನು ನೆಲ ನೋಡುತ್ತಿದ್ದೆ.

ಅಪ್ಪ ಇಡೀ ಕತೆ ಬಿಡಿಸಿ ಹೇಳಿದ ಮೇಲೆ ಡಾಕ್ಟರು ಸ್ವಲ್ಪ ಮೆತ್ತಗಾದರು. ‘ಸರಿ, ಬಾಯಿ ಮಾತು ಬೇಡ. ರಕ್ತವೇ ಹೇಳುತ್ತೆ’ ಎಂದರು. ನಮಗೆ ತಿಳಿಯುವ ಹಾಗೆ ವಿವರಿಸಿದರು. ಮೈಯೊಳಗಿನ ಕಣಕಣದ ಮೇಲೂ ಒಂದು ಗುರುತು ಇರುತ್ತದಂತೆ. ಅರ್ಧ ಗುರುತು ಅಪ್ಪನಿಂದ, ಅರ್ಧ ಅವ್ವನಿಂದ. ಹೊಸ ಕಿಡ್ನಿ ಮೈಗೆ ಹೊಕ್ಕಾಗ ಆ ಮೈ ‘ನೀನು ಯಾರ ಪೈಕಿ?’ ಎಂದು ಕೇಳುತ್ತದಂತೆ. ಗುರುತು ಕೂಡಿಬಂದರೆ ಬಿಡುತ್ತದೆ, ಬರದಿದ್ದರೆ ಕೊಲ್ಲುತ್ತದೆ. ‘ಒಡಹುಟ್ಟಿದವರಲ್ಲಿ ಸುಮಾರು ನಾಲ್ಕರಲ್ಲಿ ಒಬ್ಬರಿಗೆ ಎಲ್ಲಾ ಗುರುತೂ ಪೂರ್ತಿ ಒಂದೇ ಇರುತ್ತೆ’ ಎಂದರು.

ನಾಲ್ಕರಲ್ಲಿ ಒಬ್ಬರು. ಅವ್ವ ಸೆರಗಿನ ಮರೆಯಲ್ಲಿ ಬೆರಳು ಮಡಿಸಿದ್ದನ್ನು ನೋಡಿದೆ. ಮೂರು ಬೆರಳು ಮಡಿಸಿ ನಾಲ್ಕನೆಯದರ ಮೇಲೆ ಅವಳ ಹೆಬ್ಬೆರಳು ನಿಂತಿತು.

ನಾಲ್ವರ ರಕ್ತವನ್ನೂ ತೆಗೆದುಕೊಂಡರು. ಸೂಜಿ ಚುಚ್ಚಿದಾಗ ನನಗೆ ನೋವಿಗಿಂತ ಬೇರೆಯೇ ಹೆದರಿಕೆಯಾಯಿತು. ಹತ್ತು ವರ್ಷ ಬಾಯಿ ಬಿಗಿಹಿಡಿದು ಕಾದುಕೊಂಡು ಬಂದದ್ದನ್ನು ಈ ರಕ್ತ ಗಾಜಿನ ನಳಿಗೆಯೊಳಗಿಂದ ‘ಓ’ ಎಂದು ಹೇಳಿಬಿಟ್ಟರೆ?

ಲ್ಯಾಬಿನಲ್ಲಿದ್ದವಳು ನಸೀಮ್ ಬಾನು. ತಿಪಟೂರಿನ ಟೈಲರೊಬ್ಬರ ಮಗಳು. ನಮ್ಮ ಊರ ಕಡೆಯವರು ಎಂದು ಗೊತ್ತಾದ ಮೇಲೆ ನನ್ನನ್ನು ಕಂಡಾಗಲೆಲ್ಲ ಮಾತಾಡಿಸುತ್ತಿದ್ದಳು. ಒಂದು ವಾರದ ಮೇಲೆ ಕೈಬೀಸಿ ಕರೆದು, ‘ಬಾರೇ ಇಲ್ಲಿ, ಒಂದು ತೋರಿಸ್ತೀನಿ’ ಎಂದು ಸೂಕ್ಷ್ಮದರ್ಶಕದ ಮುಂದಿನ ಸ್ಟೂಲಿನ ಮೇಲೆ ಕೂರಿಸಿದಳು. ‘ಒಂದು ಕಣ್ಣು ಮುಚ್ಚು.’

ಕತ್ತಲಲ್ಲಿ ರಾಗಿಕಾಳು ಚೆಲ್ಲಿದಂತೆ ಕಂಡಿತು. ಪ್ರತಿ ಕಾಳೂ ಒಳಗೆ ದೀಪ ಇಟ್ಟ ಹಾಗೆ ಹೊಳೆಯುತ್ತಿತ್ತು.

‘ಇವೆಲ್ಲ ನಿನ್ನ ರಕ್ತದ ಕಣ. ನಿನ್ನ ತಮ್ಮನ ರಕ್ತದ ತಿಳೀನೀರಲ್ಲಿ ಹಾಕಿದ್ದೀನಿ. ಅವನಿಗೆ ಆಗಿಬರದಿದ್ರೆ ಇಷ್ಟು ಹೊತ್ತಿಗೆ ಸತ್ತು ಕಪ್ಪಗಾಗಿರೋವು. ಹೊಳೀತಾ ಇದಾವಲ್ಲ? ಒಂದೂ ಸತ್ತಿಲ್ಲ ಕಣೇ.’

‘ಗುರುತು?’ ಎಂದೆ.

‘ಪೂರ್ತಿ ಒಂದೇ. ನಿಮ್ಮಪ್ಪನಿಂದ ಬಂದಿರೋ ಅರ್ಧನೂ ಅದೇ, ನಿಮ್ಮಮ್ಮನಿಂದ ಬಂದಿರೋದೂ ಅದೇ. ಈ ಟ್ಯೂಬಿಗೆ ಅಂಟಿಸಿರೋ ಹೆಸರಿನ ಚೀಟಿ ಬಿದ್ದೋದ್ರೆ, ಇಲ್ಲಿ ಕೂತು ನೋಡೋ ನಂಗೇ ಗೊತ್ತಾಗಲ್ಲ, ಇದು ನಿಂದೋ ಅವನದೋ ಅಂತ.’ ಅವಳಿಗೆ ಖುಷಿಯಾಗಿತ್ತು. ‘ಎಂಥಾ ನಸೀಬಿನ ಹುಡುಗಿ ನೀನು!’

ಅಳು ಬಂತು. ನಾನು ನಿಜವಾಗಿ ಅವ್ವನ ಹೊಟ್ಟೆಯಲ್ಲೇ ಹುಟ್ಟಿದವಳು ಎಂದು ನನಗೆ ಗೊತ್ತಿರಲಿಲ್ಲವೆಂದಲ್ಲ. ಆದರೆ ಯಾರೂ ನನ್ನ ಮುಖ ನೋಡಿ ಅದನ್ನು ಹೇಳಿದ್ದಿಲ್ಲವಲ್ಲ. ಕೊನೆಗೆ ಹೇಳಿದ್ದು ಆ ಹೊಳೆಯುವ ಕಾಳುಗಳು.

ಆದರೆ ಅಷ್ಟಕ್ಕೆ ಮುಗಿಯಲಿಲ್ಲ. ಮದುವೆಯಾಗದ ಹುಡುಗಿ ಕಿಡ್ನಿ ಕೊಡುವುದಕ್ಕೆ ತಂದೆ-ತಾಯಿ ಇಬ್ಬರ ಒಪ್ಪಿಗೆಯೂ ಬೇಕು ಎಂದು ಡಾಕ್ಟರು ಕಾಗದ ಮುಂದಿಟ್ಟರು. ಓದಲು ಬಾರದವರಿಗೆ ಗಟ್ಟಿಯಾಗಿ ಓದಿ, ಅವರ ಬಾಯಲ್ಲೇ ಹೇಳಿಸಿ, ಹೆಬ್ಬೆಟ್ಟು ತೆಗೆದುಕೊಳ್ಳುವುದು ಅವರ ಪದ್ಧತಿ. ‘ಈಕೆ ನನ್ನ ಮಗಳು. ನನ್ನ ಮಗಳು ನನ್ನ ಮಗನಿಗೆ ಕಿಡ್ನಿ ಕೊಡಲು ನಾನು ಒಪ್ಪಿದ್ದೇನೆ.’ ಅಪ್ಪ ಹೇಳಿ ರುಜು ಹಾಕಿದ. ಅವ್ವ ಎದ್ದು ಹೊರಗೆ ಹೋದಳು.

ಮೂರು ದಿನ ಅವಳು ಆ ಕೋಣೆಯ ಕಡೆ ಸುಳಿಯಲಿಲ್ಲ. ಎರಡನೆಯ ದಿನ ಈರಣ್ಣನಿಗೆ ಉಸಿರು ಸಿಕ್ಕಿಕೊಂಡಿತು. ಯಂತ್ರಕ್ಕೆ ಹಾಕಿ ಉಳಿಸಿದರು. ಡಾಕ್ಟರು ಅಪ್ಪನ ಹತ್ತಿರ, ‘ಇನ್ನು ತಡ ಮಾಡಿದ್ರೆ ಮ್ಯಾಚ್ ಆದ ಕಿಡ್ನಿ ಇಟ್ಕೊಂಡೂ ಹುಡುಗನ್ನ ಕಳ್ಕೋತೀರಿ’ ಎಂದರು.

ಆ ಮಧ್ಯಾಹ್ನ, ರೋಗಿಗಳ ಕಡೆಯವರಿಗೆಂದು ಕಟ್ಟಿಸಿದ್ದ ಶೆಡ್ಡಿನ ಹಿಂದೆ ಅವ್ವ ಮೂರು ಕಲ್ಲಿನ ಒಲೆಯ ಮುಂದೆ ಕುಳಿತಿದ್ದಳು. ಅನ್ನ ಸೀಯುತ್ತಿತ್ತು, ನೋಡುತ್ತಿರಲಿಲ್ಲ. ನಾನು ಪಕ್ಕಕ್ಕೆ ಹೋಗಿ ಕುಕ್ಕರಗಾಲಲ್ಲಿ ಕುಳಿತೆ.

ಅವ್ವ ಒಲೆಯಿಂದ ಕಣ್ಣೆತ್ತದೆ ಕೇಳಿದಳು. ‘ನಿಂಗೂ ಕೇಳಿಸ್ತೈತಾ, ತೋಟದಾಗೆ?’

‘ಹೂಂ’ ಎಂದೆ.

‘ನನ್ನ ದನೀನಾ?’

‘ಹೂಂ. ನಿಂಗೂ ಕೇಳಿಸ್ತದಾ?’

‘ನಿಂಗಮ್ಮ ಹೋದಾಗಿಂದ. ಅವಳಿರೋಗಂಟ ನೀನು ಅವಳದ್ದು ಅಂತಿತ್ತು. ಅವಳು ಹೋದ್ಮೇಲೆ, ಇದು ಯಾರ ಮಗಳು ಅಂತ ಕಂಡುಹಿಡಿಯೋಕೆ ನನ್ನ ದನಿ ಹಾಕ್ಕೊಂಡು ಬತ್ತೈತೆ.’ ಅವ್ವ ಕೊಳ್ಳಿಯನ್ನು ಹೊರಗೆಳೆದಳು. ‘ಓಗೊಟ್ಟಿದ್ದೀಯಾ?’

‘ಇಲ್ಲ.’

‘ಒಂದ್ಸಲಾನೂ?’

‘ಒಂದ್ಸಲಾನೂ ಇಲ್ಲ.’

ಅವ್ವ ನನ್ನ ತಲೆಯ ಮೇಲೆ ಕೈ ಇಟ್ಟಳು. ಮಸಿಯ ಕೈ. ‘ಮಗನ್ನ ನನ್ನೋನು ಅಂತ ಊರಿಗೆಲ್ಲ ಸಾರಿದೆ. ಅದಕ್ಕೆ ಅವನತ್ರ ಬಂದು ಕೂತೈತೆ. ಅವನು ಉಳೀಬೇಕಾದ್ರೆ ನಿನ್ನನ್ನ ತೋರಿಸ್ಬೇಕು. ನಾನೇನ್ ಮಾಡ್ಲಿ, ನೀನೇ ಹೇಳೇ.’

‘ಹೇಳ್ಬುಡು ಅವ್ವ,’ ಎಂದೆ. ‘ರಕ್ತ ಆಗ್ಲೇ ಹೇಳೈತೆ.’

ಅವಳು ಸೆರಗಿನಿಂದ ಮುಖ ಒರೆಸಿಕೊಂಡಳು. ‘ಹಂಗಾದ್ರೆ ಒಂದು ಮಾತು. ಇನ್ಮೇಲೆ ಯಾರು ಮಗಳೇ ಅಂತ ಕರುದ್ರೂ ಓ ಅನ್ಬೇಡ. ನಾನೇ ಎದುರಿಗೆ ನಿಂತ್ಕೊಂಡು ಕರುದ್ರೂ ಅನ್ಬೇಡ. ಸುಮ್ನೆ ಬಂದು ನಿಂತ್ಕೊ, ಸಾಕು. ನಂಗೆ ಗೊತ್ತಾಯ್ತದೆ.’

ಸಂಜೆಯೊಳಗೆ ಅವ್ವ ಡಾಕ್ಟರ ಮುಂದೆ ಕುಳಿತು ಹೇಳಿದಳು. ‘ಇವಳು ನನ್ನ ಮಗಳು.’ ಮೆಲ್ಲಗೆ, ಗೋಡೆಗೆ ಕೇಳಿಸದ ಹಾಗೆ. ‘ಸ್ವಲ್ಪ ಗಟ್ಟಿಯಾಗಿ ಹೇಳಿ ಅಮ್ಮ, ಸಾಕ್ಷಿಯವರಿಗೆ ಕೇಳಿಸ್ಬೇಕು’ ಎಂದರು ಡಾಕ್ಟರು. ಅವ್ವ ಗಟ್ಟಿಯಾಗಿ ಹೇಳಿದಳು. ಹೆಬ್ಬೆಟ್ಟು ಒತ್ತಿದಳು. ಕೋಣೆಯ ಫ್ಯಾನು ತಿರುಗುತ್ತಲೇ ಇತ್ತು, ಆದರೆ ಮೇಜಿನ ಮೇಲಿನ ಕಾಗದಗಳು ಅಲ್ಲಾಡುವುದನ್ನು ನಿಲ್ಲಿಸಿದ್ದನ್ನು ನಾನು ನೋಡಿದೆ.

ಆಪರೇಷನ್ ದಿನ ಬೆಳಿಗ್ಗೆ ಎರಡು ಗಾಡಿಗಳಲ್ಲಿ ನಮ್ಮಿಬ್ಬರನ್ನೂ ತಳ್ಳಿಕೊಂಡು ಹೋದರು. ಮುಂದೆ ಈರಣ್ಣನ ಗಾಡಿ. ಅವ್ವ ಅವನ ಕೈ ಹಿಡಿದುಕೊಂಡು ಪಕ್ಕದಲ್ಲಿ ನಡೆಯುತ್ತಿದ್ದಳು. ಹಿಂದೆ ನನ್ನದು. ಮಲಗಿಕೊಂಡೇ ಅವಳ ತಲೆಗಂಟು, ಕುಪ್ಪಸದ ಬೆನ್ನು ನೋಡುತ್ತಿದ್ದೆ. ಬಾಗಿಲು ಬಂತು. ಆಗ ನನ್ನ ತಲೆಯ ಹಿಂದಿನಿಂದ, ಗಾಡಿ ತಳ್ಳುವವನಿಗಿಂತಲೂ ಹಿಂದಿನಿಂದ, ಅವ್ವ ಕರೆದಳು.

‘ಮಗಳೇ. ಇತ್ಲಾಗ್ ನೋಡು ಮಗಳೇ.’

ಮುಂದೆ ನಡೆಯುತ್ತಿದ್ದ ಅವ್ವನ ಬೆನ್ನು ಸೆಟೆದುಕೊಂಡಿತು. ಅವಳು ತಿರುಗಲಿಲ್ಲ. ನಾನು ನಾಲಿಗೆ ಕಚ್ಚಿಕೊಂಡೆ. ಉಪ್ಪುಪ್ಪಾದ ರಕ್ತದ ರುಚಿಯೇ ಔಷಧಿ ಕೊಡುವ ಮೊದಲು ನನಗೆ ಕೊನೆಯದಾಗಿ ನೆನಪಿರುವುದು.

ಕಿಡ್ನಿ ಹಾಕಿದ ಮೇಲೆ ಮೇಜಿನ ಮೇಲೇ ಉಚ್ಚೆ ಬರಲು ಶುರುವಾಯಿತಂತೆ. ಡಾಕ್ಟರು ಅಪ್ಪನ ಹತ್ತಿರ ಬಂದು, ‘ಅವನ ಮೈ ಅದನ್ನ ತನ್ನದೇ ಅಂದ್ಕೊಂಡಿದೆ’ ಎಂದು ನಕ್ಕರಂತೆ. ನನ್ನ ಎಡಪಕ್ಕೆಯಲ್ಲಿ ಗೇಣುದ್ದದ ಹೊಲಿಗೆ. ಈರಣ್ಣನಿಗೆ ಬಲಗಡೆಯ ಕಿಬ್ಬೊಟ್ಟೆಯಲ್ಲಿ. ಮಾತ್ರೆಗಳಿಂದ ಅವನ ಮುಖ ಮತ್ತೆ ದುಂಡಗಾಯಿತು, ಆದರೆ ಈ ಸಲ ಕಾಯಿಲೆಯ ಊತವಲ್ಲ. ಮೂರು ತಿಂಗಳ ಮೇಲೆ ಊರಿಗೆ ಬಂದೆವು.

‘ಅಕ್ಕಾ, ನಿನ್ನ ಕಿಡ್ನಿ ಹಾಕಿದ್ಮೇಲೆ ನಂಗೂ ನಾಚ್ಕೆ ಶುರುವಾಗೈತೆ ಕಣೇ,’ ಎಂದು ಅವನು ನಗಿಸುತ್ತಿದ್ದ. ‘ಜನ ಬಂದ್ರೆ ಬಾಗಿಲ ಹಿಂದುಕ್ ಹೋಗಿ ನಿಂತ್ಕೊಳಾಣ ಅನ್ಸುತ್ತೆ.’

ಅವ್ವ ಈಗ ನನ್ನನ್ನು ಬಾಯ್ತುಂಬ ಕರೆಯುತ್ತಿದ್ದಳು. ‘ಮಗಳೇ, ನೀರು ತಾ.’ ‘ಮಗಳೇ, ಎಮ್ಮೆ ಹಿಡ್ಕಂಬಾ.’ ಒಂದು ಸಲ ಬಚ್ಚಿಟ್ಟದ್ದು ಬಯಲಾದ ಮೇಲೆ ಇನ್ನೇನು ಎನ್ನುವಂತೆ. ನಾನು ಓ ಎನ್ನದೆ ಬಂದು ಎದುರಿಗೆ ನಿಲ್ಲುತ್ತಿದ್ದೆ. ಆಪರೇಷನ್‌ನಲ್ಲಿ ನನಗೆ ಮಾತು ಹೋಗಿದೆ ಎಂದು ಕೇರಿಯವರು ಮಾತಾಡಿಕೊಂಡರು.

ತೋಟದಲ್ಲಿ ಮಾತ್ರ ಯಾರೂ ಕರೆಯಲಿಲ್ಲ. ತಿಂಗಳುಗಟ್ಟಲೆ ಮಧ್ಯಾಹ್ನ ಹೋಗಿ ಬೇಕೆಂದೇ ನಿಂತೆ. ಬೆನ್ನ ಹಿಂದೆ ಏನೂ ಇರಲಿಲ್ಲ. ಬಿಟ್ಟುಹೋಯಿತು ಎಂದುಕೊಂಡೆ. ಕಾರ್ತಿಕದಲ್ಲಿ ಕಾಯಿ ಕೆಡವಿ, ಹೊಸ ಕಾಯನ್ನು ಅಟ್ಟಕ್ಕೆ ತುಂಬಿದೆವು. ನಮ್ಮಲ್ಲಿ ಕಾಯನ್ನು ನಾರಿನ ಮಟ್ಟೆ ಸಮೇತ ಅಟ್ಟದ ಮೇಲೆ ಹತ್ತು ಹನ್ನೊಂದು ತಿಂಗಳು ಬಿಡುತ್ತೇವೆ. ಒಳಗಿನ ನೀರು ತಾನಾಗಿ ಆರಿ, ತಿರುಳು ಚಿಪ್ಪು ಬಿಟ್ಟು ಉಂಡೆ ಕೊಬ್ಬರಿಯಾಗುತ್ತದೆ. ಅಲ್ಲಾಡಿಸಿದರೆ ಗೊತ್ತಾಗುತ್ತದೆ. ನೀರಿದ್ದರೆ ಕುಲುಕುತ್ತದೆ, ಆಗಿದ್ದರೆ ಗಡಗಡ ಎನ್ನುತ್ತದೆ.

ಅಟ್ಟ ತುಂಬಿದ ಮಾರನೆಯ ದಿನ ನಾನೂ ಈರಣ್ಣನೂ ಮನೆಯ ಹಿಂದೆ, ತೋಟದ ಮೊದಲ ಸಾಲಿನ ಮರದಡಿ ಕುಳಿತಿದ್ದೆವು. ಅವ್ವ ಅಂಗಳದಲ್ಲಿ ಹೋದ ವರ್ಷದ ಕಾಯಿಗಳ ಚಿಪ್ಪು ಒಡೆದು ಕೊಬ್ಬರಿ ಬಿಡಿಸುತ್ತಿದ್ದಳು. ಮಚ್ಚಿನ ಟಕ್ ಟಕ್ ಸದ್ದು ಕೇಳಿಸುತ್ತಿತ್ತು.

‘ಅಕ್ಕಾ, ಅವ್ವಂಗೆ ವಯಸ್ಸಾಯ್ತು ಕಣೇ,’ ಎಂದ ಈರಣ್ಣ. ‘ತೋಟದಾಗೆ ಮಧ್ಯಾಹ್ನದ ಹೊತ್ತು ನನ್ನನ್ನ ಮಗಳೇ ಅಂತ ಕರೀತಾಳೆ.’

ನನ್ನ ಕೈಯಲ್ಲಿದ್ದ ಗರಿ ಬಿದ್ದುಹೋಯಿತು. ‘ಯಾವಾಗಿಂದ?’

‘ಬೆಂಗಳೂರಿಂದ ಬಂದ್ಮೇಲೆ. ಮೂರ್ನಾಲ್ಕು ಸಲ ಆಯ್ತು. ಆಗೆಲ್ಲ ಇಲ್ಲಿ ಬೆಚ್ಚಗಾಯ್ತದೆ.’ ಅವನು ಬಲಗಡೆಯ ಕಿಬ್ಬೊಟ್ಟೆಯ ಮೇಲೆ ಕೈ ಇಟ್ಟುಕೊಂಡ. ‘ನಿನ್ನ ಕಿಡ್ನಿ ತಿರುಗಿ ನೋಡ್ದಂಗೆ.’

ಚೀಟಿ ಬಿದ್ದುಹೋದರೆ ನಂಗೇ ಗೊತ್ತಾಗಲ್ಲ ಎಂದು ನಸೀಮ್ ಬಾನು ಹೇಳಿದ್ದು ನೆನಪಾಯಿತು. ಅವಳಿಗೇ ಗೊತ್ತಾಗದ್ದು ಕರೆಯುವವರಿಗೆ ಹೇಗೆ ಗೊತ್ತಾಗಬೇಕು? ನಾನು ಕೊಟ್ಟದ್ದರ ಜೊತೆಗೆ ಇದನ್ನೂ ಅವನಿಗೆ ಕೊಟ್ಟುಬಿಟ್ಟಿದ್ದೆ.

‘ಓಗೊಟ್ಟೆಯೇನ್ಲಾ?’ ಎಂದು ಅವನ ತೋಳು ಹಿಡಿದೆ.

‘ಇಲ್ಲ. ನನ್ನನ್ನಲ್ಲ, ನಿನ್ನನ್ನ ಕರೀತಿರ್ಬೇಕು ಅಂತ ಸುಮ್ನಾದೆ. ಯಾಕೆ? ಈ ಸಲ ಕರುದ್ರೆ ಏನವ್ವಾ ಅಂತ ಕೇಳ್ಬೇಕು ಅಂತಿದ್ದೀನಿ.’

ಅಷ್ಟರಲ್ಲೇ ಮರಗಳ ನಡುವಿನಿಂದ ಬಂತು. ಮೊದಲಿಗಿಂತ ಹತ್ತಿರ.

‘ಮಗಳೇ.’

ಈರಣ್ಣ ಬಾಯಿ ತೆರೆದ. ನಾನು ಅಂಗೈಯಿಂದ ಅವನ ಬಾಯಿ ಮುಚ್ಚಿದೆ. ಅವನ ‘ಓ’ ಬಿಸಿ ಉಸಿರಾಗಿ ನನ್ನ ಅಂಗೈಗೆ ಬಡಿಯಿತು. ಅವನು ಕೊಸರಿಕೊಂಡ. ನಾನು ಬಿಡಲಿಲ್ಲ. ಅಂಗಳದಲ್ಲಿ ಅವ್ವ ಕಾಣುತ್ತಿದ್ದಳು, ಅವಳ ತುಟಿ ಮುಚ್ಚಿತ್ತು. ಅದನ್ನು ಅವನೂ ನೋಡಿದ. ಕೊಸರಾಡುವುದನ್ನು ನಿಲ್ಲಿಸಿದ.

ಮಚ್ಚಿನ ಸದ್ದು ನಿಂತಿತು. ಅವ್ವ ತಲೆಯೆತ್ತಿ ನಮ್ಮಿಬ್ಬರನ್ನು ನೋಡಿದಳು, ನನ್ನ ಕೈ ಎಲ್ಲಿದೆ ಎಂದು ನೋಡಿದಳು. ತೋಟ ಕಾಯುತ್ತಿತ್ತು. ಒಂದು ಗರಿಯೂ ಅಲ್ಲಾಡುತ್ತಿರಲಿಲ್ಲ.

ಅವ್ವ ಮಡಿಲ ಮೇಲಿನ ಚಿಪ್ಪಿನ ಚೂರುಗಳನ್ನು ಕೊಡವಿ, ಮರಗಳ ಕಡೆ ತಿರುಗಿ, ‘ಓ’ ಎಂದಳು.

ಎಳೆ ಹುಡುಗಿಯ ದನಿ. ತವರಿನಲ್ಲಿ, ಜಗಲಿಯ ಮೇಲೆ ಆಡುತ್ತಿದ್ದವಳನ್ನು ಯಾರೋ ಒಳಗೆ ಕರೆದಾಗ ಹೇಳುವಂಥದ್ದು.

‘ಓ, ಕೇಳಿಸ್ತು ಕಣವ್ವ. ನಾನೂ ಒಬ್ಬಳ ಮಗಳೇ. ಬತ್ತೀನಿ. ಆದ್ರೆ ಈಗ್ಲೇ ಆಗಲ್ಲ. ನಿನ್ನೆ ಅಟ್ಟಕ್ಕೆ ಹಾಕಿರೋ ಕಾಯೆಲ್ಲ ಕೊಬ್ಬರಿ ಆಗ್ಲಿ. ಒಂದ್ರಲ್ಲಾದ್ರೂ ನೀರು ಇರೋಗಂಟ ನಾನು ಬರಾಂಗಿಲ್ಲ. ಮಕ್ಕಳ ತಂಟೆಗೆ ಹೋಗ್ಬೇಡ, ನಾನು ಓ ಅಂದಿದ್ದೀನಿ.’

ಸ್ವಲ್ಪ ಹೊತ್ತಿನ ಮೇಲೆ ಮರಗಳ ತಲೆಯಲ್ಲಿ ಗಾಳಿ ಆಡಿತು. ಅವ್ವ ಮಚ್ಚು ಎತ್ತಿಕೊಂಡು ಮತ್ತೆ ಚಿಪ್ಪು ಒಡೆಯತೊಡಗಿದಳು. ‘ಉಣ್ಣೋಕೆ ಏಳ್ರಿ, ಹೊತ್ತಾಯ್ತು’ ಎಂದಳು, ಏನೂ ಆಗದ ಹಾಗೆ.

ಅಂದಿನಿಂದ ತೋಟ ನನ್ನನ್ನೂ ಕರೆದಿಲ್ಲ, ಈರಣ್ಣನನ್ನೂ ಕರೆದಿಲ್ಲ. ಅವನು ಚೆನ್ನಾಗಿದ್ದಾನೆ. ಎರಡು ತಿಂಗಳಿಗೊಮ್ಮೆ ಬೆಂಗಳೂರಿಗೆ ಹೋಗಿ ರಕ್ತ ಕೊಟ್ಟು ಬರುತ್ತಾನೆ. ಎಲ್ಲ ಸರಿಯಿದೆ ಎನ್ನುತ್ತಾರೆ.

ಈಗ ಶ್ರಾವಣ. ಹತ್ತನೆಯ ತಿಂಗಳು. ನಾನು ದಿನಾ ಅಟ್ಟ ಹತ್ತುತ್ತೇನೆ. ವಾರಕ್ಕೊಂದು ಬುಟ್ಟಿ ಹೊಸ ಕಾಯಿ ಹೊತ್ತುಕೊಂಡು ಹೋಗಿ ಹಳೆಯದರ ನಡುವೆ ಬೆರೆಸುತ್ತೇನೆ. ಕೆಳಗಿನ ಒಲೆಯ ಹೊಗೆ ಹತ್ತಿ ಎಂಟು ದಿನಕ್ಕೆ ಎಲ್ಲದರ ಬಣ್ಣವೂ ಒಂದೇ ಆಗುತ್ತದೆ. ಯಾವುದು ಕಾರ್ತಿಕದ್ದು, ಯಾವುದು ಮೊನ್ನೆಯದು ಎಂದು ಈಗ ನನಗೇ ಗೊತ್ತಾಗುವುದಿಲ್ಲ. ಯಾವುದಕ್ಕೂ ಚೀಟಿ ಅಂಟಿಸಿಲ್ಲ. ತಿಪ್ಪೆಯ ಮೇಲಿಟ್ಟು ಒಮ್ಮೆ ಮೋಸ ಮಾಡಿದವಳ ಮಗಳು ನಾನು.

ಇವತ್ತು ಮಧ್ಯಾಹ್ನ ಮೇಲಿದ್ದಾಗ ಕೆಳಗಿನಿಂದ ದನಿ ಬಂತು. ‘ಏನ್ಮಾಡ್ತಿದ್ದೀಯೇ ಮಗಳೇ ಮೇಲೆ?’ ಬೊಂಬಿನ ಸಂದಿಯಲ್ಲಿ ಬಗ್ಗಿ ನೋಡಿದೆ. ಏಣಿಯ ಬುಡದಲ್ಲಿ ಅವ್ವ. ಅವಳ ತುಟಿ ಅಲ್ಲಾಡಿತ್ತು. ಅವಳೇ. ನಾನು ಓ ಎನ್ನಲಿಲ್ಲ. ಕೈಗೆ ಸಿಕ್ಕ ಕಾಯೊಂದನ್ನು ಅವಳಿಗೆ ಕೇಳಿಸುವ ಹಾಗೆ ಅಲ್ಲಾಡಿಸಿದೆ. ನೀರು ಕುಲುಕಿತು. ಅವ್ವ ಮುಗುಳ್ನಕ್ಕು ಅಡುಗೆಮನೆಗೆ ಹೋದಳು.

ಆಗ ಅಟ್ಟದ ಆ ಕೊನೆಯಲ್ಲಿ, ಹೆಂಚಿನ ಇಳಿಜಾರಿನ ಮೂಲೆಯಲ್ಲಿ, ಇನ್ನೊಂದು ಕಾಯಿ ಅಲ್ಲಾಡಿತು. ಯಾರೋ ಕಿವಿಯ ಹತ್ತಿರ ಹಿಡಿದು ನೋಡಿದ ಹಾಗೆ ಎರಡು ಸಲ. ಕುಲುಕ್, ಕುಲುಕ್. ಅದನ್ನು ಕೆಳಗಿಟ್ಟ ಸದ್ದು. ಆಮೇಲೆ ಪಕ್ಕದ್ದು. ಅದರಲ್ಲೂ ನೀರು. ಆಮೇಲೆ ಅದರ ಪಕ್ಕದ್ದು.

ನಾನು ಬುಟ್ಟಿಯನ್ನು ಎದೆಗೆ ಅವುಚಿಕೊಂಡು, ಉಸಿರು ಬಿಡದೆ, ಒಂದೊಂದನ್ನೂ ಕೇಳುತ್ತಾ ಕುಳಿತೆ.